ಪೇಸ್ಟ್ ಟ್ಯೂಬಿನ ಬುಡದಲ್ಲಿರುವ ಅಂಕಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಮೊನ್ನೆ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಹೊಸ ಪೇಸ್ಟ್ ಟ್ಯೂಬನ್ನು ದೀಪಕ್ಕೆ ಹಿಡಿದು ತುಂಬಾ ಹೊತ್ತು ನಿಂತಿದ್ದೆ. ಇದರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಬೇಕಿತ್ತು. ಎದುರಿಗೇ ಹೊಳಪು, ತಾಜಾತನ ಅಂತೆಲ್ಲ ದಪ್ಪಕ್ಷರದಲ್ಲಿ ಇತ್ತು. ಬೇಕಾದ ಅಂಕಿ ಸಿಕ್ಕಿದ್ದು ಬುಡದ ಮಡಿಕೆಯ ಹತ್ತಿರ, ಇರುವೆ ಸಾಲಿನಂಥ ಅಕ್ಷರದಲ್ಲಿ: 1000 ಪಿಪಿಎಂ.

ಹುಡುಕಿದ್ದಕ್ಕೆ ಕಾರಣ ಇದೆ. ನನ್ನ 4 ವರ್ಷದ ಮೊಮ್ಮಗಳ ಮುಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ, ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಗೆರೆ ಬಂದಿತ್ತು. ಹಲ್ಲಿನ ಡಾಕ್ಟರು ನೋಡಿ, "ಇದು ಹುಳುಕಿನ ಶುರು. ಇನ್ನೂ ಗುಂಡಿ ಬಿದ್ದಿಲ್ಲ, ಸರಿ ಮಾಡಬಹುದು" ಅಂದರು. ಯಾವ ಪೇಸ್ಟ್ ಅಂತ ಕೇಳಿದರು. ಫ್ಲೋರೈಡ್ ಇಲ್ಲದ್ದು ಅಂದೆ. ಫ್ಲೋರೈಡ್ ವಿಷ ಅಂತ ಫೋನಿಗೆ ಬಂದ ಮೆಸೇಜ್ ನಂಬಿ ನಾನೇ ಬದಲಾಯಿಸಿದ್ದೆ. ತಪ್ಪು ನನ್ನದು. ಆದರೆ ಪೂರ್ತಿ ನನ್ನದಲ್ಲ, ಅದಕ್ಕೇ ಈ ಪತ್ರ.

ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಅದು ಹಲ್ಲಿನ ಸುಣ್ಣದಂಶವನ್ನು ಕರಗಿಸುತ್ತದೆ. ಎಂಜಲು ಅದನ್ನು ವಾಪಸ್ ತುಂಬುತ್ತದೆ. ದಿನವಿಡೀ ಇದೇ ಹಗ್ಗಜಗ್ಗಾಟ. ಫ್ಲೋರೈಡ್ ಇದ್ದರೆ ತುಂಬುವ ಕೆಲಸ ಬೇಗ ಆಗುತ್ತದೆ, ಹಾಗೆ ತುಂಬಿದ ಭಾಗ ಆಮ್ಲಕ್ಕೆ ಸುಲಭವಾಗಿ ಜಗ್ಗುವುದೂ ಇಲ್ಲ. ಇದೆಲ್ಲ ಮುಖ್ಯವಾಗಿ ನಡೆಯುವುದು ಹಲ್ಲಿನ ಮೇಲ್ಮೈಯಲ್ಲೇ. ನುಂಗಬೇಕಾಗಿಯೇ ಇಲ್ಲ. ಉಜ್ಜಿ ಉಗಿದರೆ ಸಾಕು, ಆಮೇಲೆ ಗಳಗಳ ಬಾಯಿ ಮುಕ್ಕಳಿಸದಿದ್ದರೆ ಇನ್ನೂ ಒಳ್ಳೆಯದು. ನಾನು ಅರವತ್ತು ವರ್ಷ ಮುಕ್ಕಳಿಸಿದವನೇ ಬಿಡಿ.

ಆ ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಾಸ್ತಿಯಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ತುಂಬಾ ಜಾಸ್ತಿಯಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳೇ ಬಿಗಿದುಕೊಳ್ಳುತ್ತವೆ. 1.5 ದಾಟಿದ ನೀರಿಗೂ ಮಕ್ಕಳ ಬುದ್ಧಿಮಟ್ಟ ಕಡಿಮೆಯಾಗುವುದಕ್ಕೂ ನಂಟು ಕಾಣುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಹೇಳಿತು. ಇದೆಲ್ಲ ಕುಡಿಯುವ ನೀರಿನ ಮಾತು. ಮೆಸೇಜ್ ಬರೆದವರು ಅದನ್ನು ತಂದು ಪೇಸ್ಟಿಗೆ ಅಂಟಿಸಿಬಿಟ್ಟರು.

ಪೇಸ್ಟಿನ ಲೆಕ್ಕ ನಾನೇ ಹಾಕಿದೆ. 1000 ಪಿಪಿಎಂ ಅಂದರೆ ಗ್ರಾಂಗೆ 1 ಮಿಲಿಗ್ರಾಂ ಫ್ಲೋರೈಡ್. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ 6 ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಬಟಾಣಿಯಷ್ಟು ಅಂದರೆ ಸುಮಾರು ಕಾಲು ಗ್ರಾಂ. ಅಷ್ಟನ್ನೂ ನುಂಗಿದರೂ ಒಳಗೆ ಹೋಗುವುದು 0.25 ಮಿಲಿಗ್ರಾಂ. ಆದರೆ 100 ಗ್ರಾಂ ಟ್ಯೂಬಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಮೈತೂಕದ ಕಿಲೋಗೆ 5 ಮಿಲಿಗ್ರಾಂ ಒಳಗೆ ಹೋದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನಮ್ಮ ಹುಡುಗಿ 15 ಕಿಲೋ, ಅವಳ ಮಿತಿ 75. ಲೆಕ್ಕ ಮುಗಿದ ಕೂಡಲೇ ಟ್ಯೂಬನ್ನು ಮೇಲಿನ ಕಪಾಟಿಗೆ ಇಟ್ಟೆ.

ಫ್ಲೋರೈಡ್ ಪೇಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಔಷಧ ಅಂದಮೇಲೆ ಅದರ ಪ್ರಮಾಣ ಕಣ್ಣಿಗೆ ಕಾಣಬೇಕು, ಅಲ್ವಾ? ಪಿಪಿಎಂ ಅಂಕಿಯನ್ನು ಟ್ಯೂಬಿನ ಎದುರಿಗೆ ದಪ್ಪಕ್ಷರದಲ್ಲಿ ಹಾಕಿಸಿ. ಯಾವ ವಯಸ್ಸಿಗೆ ಎಷ್ಟು ಅಂತ ಪಕ್ಕದಲ್ಲೇ ಚಿತ್ರ ಇರಲಿ, ಓದು ಬಾರದವರಿಗೂ ತಿಳಿಯಲಿ. ವರ್ಷಕ್ಕೆರಡು ಸಲ ಶಾಲೆಯಲ್ಲೇ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಶ್, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಫ್ಲೋರೈಡ್ ಲೇಪ, ಹಚ್ಚಿಸಿ. ಕೆಲವೇ ನಿಮಿಷದ ಕೆಲಸ, ಡ್ರಿಲ್ ಇಲ್ಲ, ಸೂಜಿ ಇಲ್ಲ.

ಇನ್ನು ನೀರು. ಜನ ಕುಡಿಯುವ ಪ್ರತಿ ಬಾವಿಯ, ಬೋರ್‌ವೆಲ್ಲಿನ ನೀರನ್ನು ಪರೀಕ್ಷೆ ಮಾಡಿಸಿ. ಫಲಿತಾಂಶ ಕಚೇರಿಯ ಫೈಲಿನಲ್ಲಿ ಸುಮ್ನೆ ಕೂರುವುದು ಬೇಡ. ನೀರು ಹಿಡಿಯುವ ಜಾಗದಲ್ಲೇ ಗೋಡೆಗೆ ಬರೆಸಿ, ತಾರೀಖಿನ ಸಮೇತ.

ಇಂತಿ ನಿಮ್ಮ,
ಒಬ್ಬ ತಾತ