ಲೂಕಾ ಹೋದ ಮೇಲೆ: ಡಲ್ಲಾಸ್‌ನ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. "ಇರೋ ಹಿರಿಯರನ್ನೆಲ್ಲ ಟ್ರೇಡ್ ಮಾಡಿ ಡ್ರಾಫ್ಟ್ ಪಿಕ್‌ಗಳನ್ನು ಗುಡ್ಡೆ ಹಾಕಿಕೊಳ್ಳಲಿ, ಒಕ್ಲಹೋಮಾದವರು ಮಾಡಲಿಲ್ಲವಾ?" ಅಂತ ನಿಮ್ಮ ಡಲ್ಲಾಸ್ ಮ್ಯಾವರಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಬರೆದಿದ್ದೀಯ. ತಂಡದ ದೊಡ್ಡ ತಾರೆ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕಳಿಸಿದ ಸಿಟ್ಟು ನಿನಗೆ ಇನ್ನೂ ಇಳಿದಿಲ್ಲ ಅನ್ನುವುದು ಒಂದೊಂದು ಸಾಲಲ್ಲೂ ಗೊತ್ತಾಗುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಒಕ್ಲಹೋಮಾ ಸಿಟಿ ಥಂಡರ್‌ನಿಂದ ನೀನು ಕಲಿತ ಪಾಠವನ್ನು ನಾನು ಒಪ್ಪುವುದಿಲ್ಲ. ಅದನ್ನೇ ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ. ಬ್ಯಾಸ್ಕೆಟ್‌ಬಾಲ್ ನೋಡುವ ನಮ್ಮ ಬೇರೆ ಸ್ನೇಹಿತರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹೊಸಬರಿಗಾಗಿ ಎರಡು ಮಾತು: ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್. ವರ್ಷಕ್ಕೊಮ್ಮೆ ಅಲ್ಲಿನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು ಡ್ರಾಫ್ಟ್, ಆ ಸರದಿಯೇ ಪಿಕ್; ಆಟಗಾರರನ್ನೋ ಪಿಕ್‌ಗಳನ್ನೋ ತಂಡಗಳು ಅದಲುಬದಲು ಮಾಡಿಕೊಳ್ಳುವುದು ಟ್ರೇಡ್.

2019ರ ಜುಲೈಯಿಂದ ಶುರು ಮಾಡುತ್ತೇನೆ. ಕವೈ ಲೆನರ್ಡ್ ಜೊತೆಗೆ ಆಡಲು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಥಂಡರ್‌ನ ತಾರೆ ಪಾಲ್ ಜಾರ್ಜ್ ಬೇಕಾಗಿದ್ದ. ಥಂಡರ್ ಅವನನ್ನು ಕೊಟ್ಟು ಐದು ಮೊದಲ ಸುತ್ತಿನ ಪಿಕ್, ಮೇಲೆ ಎರಡು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು, ಡನಿಲೊ ಗಲಿನಾರಿ, ಮತ್ತೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಹುಡುಗನನ್ನು ತೆಗೆದುಕೊಂಡಿತು. ಆವತ್ತು ಎಲ್ಲರೂ ಮಾತಾಡಿದ್ದು ಪಿಕ್‌ಗಳ ಲೆಕ್ಕ. ಶೇ ಆಗಷ್ಟೇ ಮೊದಲ ಸೀಸನ್ ಮುಗಿಸಿದ್ದ, ಪಂದ್ಯಕ್ಕೆ ಸರಾಸರಿ 10.8 ಅಂಕ. 2018ರ ಡ್ರಾಫ್ಟ್‌ನಲ್ಲಿ 11ನೆಯವನಾಗಿ ಬಂದವನು. ಒಳ್ಳೆ ಹುಡುಗ ಅಂತ ಎಲ್ಲರಿಗೂ ಗೊತ್ತಿತ್ತು, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆಗುತ್ತಾನೆ ಅಂತ ಯಾರೂ ಹೇಳಿರಲಿಲ್ಲ.

ಆಮೇಲಿನ ವರ್ಷಗಳ ಅವನ ಸರಾಸರಿಯನ್ನು ಸಾಲಾಗಿ ಓದು: 19, 23.7, 24.5, 31.4, 30.1, 32.7. ಇದು ಟ್ರೇಡ್ ತಂದುಕೊಟ್ಟ ಫಲ ಅಲ್ಲ ಕಣೋ. ಟ್ರೇಡ್ ಅವನಿಗೆ ಜಾಗ ಮಾಡಿಕೊಟ್ಟಿತು, ಅಷ್ಟೆ. ಮೊದಲ ವರ್ಷ ಪಕ್ಕದಲ್ಲಿ ಕ್ರಿಸ್ ಪಾಲ್ ಇದ್ದ. ರಸೆಲ್ ವೆಸ್ಟ್‌ಬ್ರೂಕ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟಾಗ ಬಂದ, ಆಟ ನಡೆಸುವ ಹಿರಿಯ ಪಾಯಿಂಟ್ ಗಾರ್ಡ್ ಅವನು. ಇನ್ನೇನು ಕೆಳಗೆ ಬಿತ್ತು ಅಂದುಕೊಂಡಿದ್ದ ಆ ತಂಡ 44 ಪಂದ್ಯ ಗೆದ್ದು, ಸೀಸನ್ ಕೊನೆಯ ನಾಕೌಟ್ ಸರಣಿಯಾದ ಪ್ಲೇಆಫ್‌ನಲ್ಲಿ ಹ್ಯೂಸ್ಟನ್ ವಿರುದ್ಧ ಏಳನೇ ಪಂದ್ಯದವರೆಗೂ ಹೋಯಿತು. ಆ ಏಳನೇ ಪಂದ್ಯದಲ್ಲಿ 30 ಅಂಕ ಹೊಡೆದವನು ಲೂ ಡಾರ್ಟ್. ಅವನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ. 2025ರಲ್ಲಿ ಅವನು ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಮೊದಲ ಐವರಲ್ಲಿ ಹೆಸರು ಬರೆಸಿಕೊಂಡ. ಅವನನ್ನು ಪಡೆಯಲು ಯಾವ ಪಿಕ್ ಖರ್ಚಾಯಿತು? ಒಂದೂ ಇಲ್ಲ. ಎನ್‌ಬಿಎ ಕೆಳಗಿನ ತರಬೇತಿ ಲೀಗ್ ಆದ ಜಿ ಲೀಗ್‌ನಲ್ಲಿ ಆಡಿಸಿದರು, ಮೇಲೆ ಕರೆತಂದರು, ತಪ್ಪು ಮಾಡಲು ಬಿಟ್ಟರು.

ಕೋಚ್ ಮಾರ್ಕ್ ಡೇಗ್ನಾಲ್ಟ್ ಬಂದ ದಾರಿಯೂ ಅದೇ. ಥಂಡರ್‌ನ ಜಿ ಲೀಗ್ ತಂಡ ಒಕ್ಲಹೋಮಾ ಸಿಟಿ ಬ್ಲೂಗೆ ಐದು ವರ್ಷ ಕೋಚ್ ಆಗಿದ್ದವನು 2020ರಲ್ಲಿ, 35ನೇ ವಯಸ್ಸಿಗೆ, ಮುಖ್ಯ ತಂಡದ ಕೋಚ್ ಆದ. ಮೊದಲ ಸೀಸನ್ 22 ಗೆಲುವು, ಎರಡನೆಯದರಲ್ಲಿ 24. 2021ರ ಡಿಸೆಂಬರ್ 2ರಂದು ಮೆಂಫಿಸ್ ಎದುರು 152-79, ಅಂದರೆ 73 ಅಂಕಗಳ ಸೋಲು. ಎನ್‌ಬಿಎ ಇತಿಹಾಸದಲ್ಲೇ ಅಷ್ಟು ದೊಡ್ಡ ಸೋಲು ಯಾರಿಗೂ ಆಗಿರಲಿಲ್ಲ. ಬೇರೆ ಊರಲ್ಲಾಗಿದ್ದರೆ ಮಾರನೆಯ ದಿನವೇ ಕೋಚ್‌ನನ್ನು ಮನೆಗೆ ಕಳಿಸುತ್ತಿದ್ದರು. ಇವರು ಇಟ್ಟುಕೊಂಡರು. ಎರಡೂವರೆ ವರ್ಷ ಕಳೆಯುವುದರೊಳಗೆ ಅವನು ವರ್ಷದ ಕೋಚ್ ಪ್ರಶಸ್ತಿ ತೆಗೆದುಕೊಂಡ.

ನೀನು ಹೇಳುವ "ಗುಡ್ಡೆ" ಇದರಲ್ಲಿ ಎಲ್ಲಿ ಬರುತ್ತದೆ ಗೊತ್ತಾ? 2022ರಲ್ಲಿ. ಕ್ಲಿಪ್ಪರ್ಸ್‌ನಿಂದ ಬಂದ ಪಿಕ್ 12ನೆಯದಾಗಿ ಬಿತ್ತು. ಸಾಂಟಾ ಕ್ಲಾರಾ ಎಂಬ ಚಿಕ್ಕ ಕಾಲೇಜಿನಲ್ಲಿ ಮೂರು ವರ್ಷ ಆಡಿದ್ದ ಜೇಲನ್ ವಿಲಿಯಮ್ಸ್‌ನನ್ನು ತೆಗೆದುಕೊಂಡರು. ಅದೇ ಸಂಜೆ ತಮ್ಮದೇ ಎರಡನೇ ಪಿಕ್‌ನಲ್ಲಿ ಚೆಟ್ ಹೋಮ್‌ಗ್ರೆನ್. ಆಗಸ್ಟ್‌ನಲ್ಲಿ ಚೆಟ್ ಸಿಯಾಟಲ್‌ನ ಒಂದು ಬೇಸಿಗೆ ಪಂದ್ಯದಲ್ಲಿ ಪಾದಕ್ಕೆ ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಕಳೆದುಕೊಂಡ. ಅಲ್ಲೂ ಯಾರೂ ಗಾಬರಿ ಬೀಳಲಿಲ್ಲ, ಅವನ ಜಾಗಕ್ಕೆ ಅಂತ ಯಾವನೋ ಹಿರಿಯನನ್ನು ತರಲು ಓಡಲಿಲ್ಲ. ಅದೇ ವರ್ಷ ಜೇಲನ್‌ಗೆ ಚೆಂಡು ಕೊಟ್ಟು ಕಲಿಸಿದರು. 2025ರ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಅವನು 40 ಅಂಕ ಹೊಡೆದ, ಅದೂ ಬಲ ಮಣಿಕಟ್ಟಿನ ಲಿಗಮೆಂಟ್ ಹರಿದಿದ್ದಾಗ. ಇದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ವಿಷಯ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಾವಿಬ್ಬರೂ ಆಡುತ್ತಿದ್ದ ಕಾಲದಲ್ಲಿ ಎತ್ತರದ ಹುಡುಗ ಸಿಕ್ಕ ಕೂಡಲೇ ಏನು ಮಾಡುತ್ತಿದ್ದರು ನೆನಪಿದೆಯಲ್ಲ? ರಿಂಗ್ ಕೆಳಗೆ ನಿಲ್ಲಿಸಿ, "ರೀಬೌಂಡ್ ಹಿಡಿ, ಗಾರ್ಡ್‌ಗೆ ಕೊಡು" ಅನ್ನುತ್ತಿದ್ದರು. ಡ್ರಿಬಲ್ ಮಾಡಿದರೆ ಬೈಗುಳ. ಚೆಟ್ ಏಳು ಅಡಿ ಮೀರಿದವನು. ಚೆಂಡು ಹಿಡಿದು ಕೋರ್ಟ್ ದಾಟಿ ಬರುತ್ತಾನೆ, ದೂರದಿಂದ ಮೂರು ಅಂಕದ ತ್ರೀ ಹೊಡೆಯುತ್ತಾನೆ, ತಿರುಗಿ ಓಡಿ ಹೋಗಿ ಶಾಟ್ ತಡೆಯುತ್ತಾನೆ. ಅವನನ್ನು ನೋಡುವಾಗೆಲ್ಲ ನಮ್ಮಲ್ಲಿ ಹಾಗೆ ರಿಂಗ್ ಕೆಳಗೇ ನಿಂತುಹೋದ ಹುಡುಗರ ನೆನಪಾಗಿ ಸಂಕಟವಾಗುತ್ತದೆ. ಈಗ ಬೆಂಗಳೂರು, ಮೈಸೂರಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವವರು ಇದೊಂದನ್ನಾದರೂ ಬದಲಾಯಿಸಲಿ ಅನ್ನುವುದು ನನ್ನ ಮನಸಾರೆ ಆಸೆ.

ಥಂಡರ್ ಮಾಡಿದ್ದೆಲ್ಲ ನನಗೆ ಹಿಡಿಸಿದೆ ಅಂದುಕೊಳ್ಳಬೇಡ. 2021ರ ಮಾರ್ಚ್‌ನಲ್ಲಿ ಅಲ್ ಹಾರ್ಫರ್ಡ್‌ನಂಥ ಒಳ್ಳೆ ಆಟಗಾರನನ್ನು, ಮೈಯಲ್ಲಿ ಶಕ್ತಿ ಇದ್ದವನನ್ನು, ಉಳಿದ ಸೀಸನ್ ಪೂರ್ತಿ ಹೊರಗೆ ಕೂರಿಸಿದರು. ಸೋಲಲಿ, ಒಳ್ಳೆ ಪಿಕ್ ಬರಲಿ ಅನ್ನುವ ಲೆಕ್ಕ. ಟಿಕೆಟ್ ಕೊಂಡು ಬಂದವರಿಗೆ ಇದು ಅನ್ಯಾಯ. ಆ ಲೆಕ್ಕ ಕೈ ಹಿಡಿಯಲೂ ಇಲ್ಲ. ಆ ವರ್ಷ ಪಿಕ್‌ಗಳ ಸರದಿ ಗೊತ್ತುಮಾಡುವ ಲಾಟರಿಯಲ್ಲಿ ಅವರಿಗೆ ಸಿಕ್ಕಿದ್ದು ಆರನೇ ಜಾಗ, ಬಂದವನು ಜಾಶ್ ಗಿಡ್ಡಿ. ಸೋತರೆ ಹುಡುಗ ಸಿಗುತ್ತಾನೆ ಅನ್ನುವ ಖಾತ್ರಿ 2019ರಿಂದ ಇನ್ನೂ ಕಡಿಮೆಯಾಗಿದೆ. ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್‌ನ ಅವಕಾಶವನ್ನು ಆ ವರ್ಷ ಸಮಾನವಾಗಿ 14 ಶೇಕಡಕ್ಕೆ ಇಳಿಸಿದರು.

ಗಿಡ್ಡಿಯ ಕಥೆ ನಿನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವನ ಮಿತಿ ಬಯಲು ಮಾಡಿದ್ದು ನಿಮ್ಮ ಡಲ್ಲಾಸೇ. 2024ರ ಎರಡನೇ ಸುತ್ತಿನಲ್ಲಿ ನಿಮ್ಮವರು ಅವನನ್ನು ದೂರದಿಂದ ಹೊಡೆಯಲು ಬಿಟ್ಟು ಮಿಕ್ಕವರನ್ನು ಮುತ್ತಿದರು. ಸರಣಿ ಮುಗಿಯುವ ಹೊತ್ತಿಗೆ ಅವನು ಆರಂಭದ ಐವರಲ್ಲಿ ಇರಲಿಲ್ಲ. ಆರನೇ ಪಂದ್ಯದ ಕೊನೆಗೆ ಪಿ.ಜೆ. ವಾಷಿಂಗ್ಟನ್‌ನ ಎರಡು ಫ್ರೀ ಥ್ರೋ, 117-116. ಆವತ್ತು ನೀನು ಫೋನಿನಲ್ಲಿ ಕೂಗಿದ್ದು ಕಿವಿಯಲ್ಲಿದೆ. ಒಂದು ತಿಂಗಳಾದ ಮೇಲೆ ಥಂಡರ್‌ನವರು ಗಿಡ್ಡಿಯನ್ನು ಶಿಕಾಗೊಗೆ ಕೊಟ್ಟು ಅಲೆಕ್ಸ್ ಕರೂಸೊನನ್ನು ತಂದರು. ಜೊತೆಗೆ ಒಂದು ಪಿಕ್ ಕೂಡ ಕೇಳಲಿಲ್ಲ. 21ರ ಹುಡುಗನನ್ನು ಕೊಟ್ಟು 30 ದಾಟಿದವನನ್ನು ತಂದರಲ್ಲ ಅಂತ ಕೆಲವರು ಮೂಗು ಮುರಿದರು. ನನ್ನ ಮಟ್ಟಿಗೆ ಅವರು ಮಾಡಿದ ಟ್ರೇಡ್‌ಗಳಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು ಅದು. ಮೂರು ವರ್ಷ ಆಡಿಸಿ, ಕಣ್ಣಾರೆ ನೋಡಿ, ಇವನಿಗೆ ಇಲ್ಲಿ ಚೆಂಡು ಸಾಕಷ್ಟು ಸಿಗುವುದಿಲ್ಲ ಅಂತ ತಿಳಿದ ಮೇಲೆ ಮಾಡಿದ್ದು. ಗಿಡ್ಡಿಗೂ ಒಳ್ಳೆಯದಾಯಿತು, ಶಿಕಾಗೊದಲ್ಲಿ ಅವನ ಕೈಗೆ ಚೆಂಡು ಬಂತು. ಮರು ವರ್ಷ ಥಂಡರ್ 68 ಗೆದ್ದು 14 ಸೋತರು, ಜೂನ್ 22ರಂದು ಇಂಡಿಯಾನಾ ವಿರುದ್ಧ ಏಳನೇ ಪಂದ್ಯ 103-91ಕ್ಕೆ ಗೆದ್ದು ಕಪ್ ಎತ್ತಿದರು. ನಮಗಿಲ್ಲಿ ಸೋಮವಾರ ಬೆಳಗಿನ ಐದೂವರೆಗೆ ಶುರುವಾದ ಪಂದ್ಯ ಅದು.

ಆ ಫೈನಲ್ಸ್‌ನ ಇನ್ನೊಂದು ಬದಿಯನ್ನೂ ನೋಡು. 2017ರಲ್ಲಿ ಪಾಲ್ ಜಾರ್ಜ್‌ನನ್ನು ಒಕ್ಲಹೋಮಾಕ್ಕೆ ಕೊಟ್ಟವರು ಇದೇ ಇಂಡಿಯಾನಾ ಪೇಸರ್ಸ್. ಬದಲಿಗೆ ಬಂದವರು ವಿಕ್ಟರ್ ಒಲಾಡಿಪೊ ಮತ್ತು ಡೊಮಾಂಟಸ್ ಸಬೋನಿಸ್. ಪೇಸರ್ಸ್ ಮೋಸ ಹೋದರು ಅಂತ ಊರೆಲ್ಲ ಮಾತಾಡಿತು. ಸಬೋನಿಸ್ ಅಲ್ಲಿ ಬೆಳೆದು ಆಲ್ ಸ್ಟಾರ್ ಆದ. 2022ರಲ್ಲಿ ಅವನನ್ನು ಸ್ಯಾಕ್ರಮೆಂಟೊಗೆ ಕೊಟ್ಟು ಟೈರೀಸ್ ಹ್ಯಾಲಿಬರ್ಟನ್‌ನನ್ನು ತಂದರು. ಅಂದರೆ 2025ರ ಫೈನಲ್ಸ್‌ನಲ್ಲಿ ಎದುರುಬದುರಾದ ಇಬ್ಬರು ಗಾರ್ಡ್‌ಗಳೂ ಪಾಲ್ ಜಾರ್ಜ್ ಎಂಬ ಒಬ್ಬನೇ ಆಟಗಾರನ ಎರಡು ಟ್ರೇಡ್‌ಗಳ ಬೇರಿನಿಂದ ಬಂದವರು! ಇಂಡಿಯಾನಾ ಹತ್ತಿರ ಪಿಕ್‌ಗಳ ಗುಡ್ಡೆ ಇರಲಿಲ್ಲ. ಬಂದವರನ್ನು ಆಡಿಸುವ ಅಭ್ಯಾಸ ಇತ್ತು. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಹ್ಯಾಲಿಬರ್ಟನ್‌ನ ಹಿಮ್ಮಡಿ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಅದಾಗದಿದ್ದರೆ ಕಪ್ ಯಾರದ್ದಾಗುತ್ತಿತ್ತೋ.

ಕ್ಲಿಪ್ಪರ್ಸ್ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. 2021ರಲ್ಲಿ ಅವರು ತಮ್ಮ ಇತಿಹಾಸದಲ್ಲೇ ಮೊದಲ ಸಲ ಫೈನಲ್ಸ್‌ಗೆ ಮುಂಚಿನ ಸುತ್ತಾದ ಕಾನ್ಫರೆನ್ಸ್ ಫೈನಲ್ಸ್ ತಲುಪಿದರು, ಅದು ಪಾಲ್ ಜಾರ್ಜ್‌ನಿಂದಲೇ. ಆದರೆ 2024ರಲ್ಲಿ ಅವನು ಫಿಲಡೆಲ್ಫಿಯಾಗೆ ಹೊರಟು ನಿಂತಾಗ ಅವರ ಕೈಗೆ ಏನೂ ಬರಲಿಲ್ಲ.

ಈಗ ನಿನ್ನ ಊರಿನ ವಿಷಯ. 2018ರ ಡ್ರಾಫ್ಟ್‌ನ ಒಂದೇ ರಾತ್ರಿ ಡಲ್ಲಾಸ್‌ಗೆ ಇಬ್ಬರು ಬಂದರು: ಅಟ್ಲಾಂಟಾದ ಜೊತೆ ಅದಲುಬದಲು ಮಾಡಿ ಮೂರನೇ ಪಿಕ್‌ನ ಲೂಕಾ, 33ನೇ ಪಿಕ್‌ನ ಜೇಲನ್ ಬ್ರನ್ಸನ್. ಇಬ್ಬರನ್ನೂ ಚೆನ್ನಾಗಿ ಬೆಳೆಸಿದರು, ಅದನ್ನು ಯಾರೂ ಅಲ್ಲಗಳೆಯಲಾಗದು. 2022ರ ಪ್ಲೇಆಫ್‌ನಲ್ಲಿ ಲೂಕಾ ಗಾಯಗೊಂಡು ಕೂತಿದ್ದಾಗ ಯೂಟಾ ವಿರುದ್ಧ ಬ್ರನ್ಸನ್ 41 ಹೊಡೆದ. ಎರಡೂವರೆ ತಿಂಗಳಲ್ಲಿ ಅವನು ನ್ಯೂಯಾರ್ಕ್ ನಿಕ್ಸ್ ಸೇರಿದ, ಡಲ್ಲಾಸ್‌ಗೆ ಬಿಡಿಗಾಸೂ ದಕ್ಕಲಿಲ್ಲ. 2025ರ ಫೆಬ್ರವರಿಯಲ್ಲಿ ಲೂಕಾನನ್ನು ಲೇಕರ್ಸ್‌ಗೆ ಕೊಟ್ಟರು. ಫೈನಲ್ಸ್ ಆಡಿ ಎಂಟು ತಿಂಗಳೂ ಆಗಿರಲಿಲ್ಲ, ಅವನಿಗೆ ವಯಸ್ಸು 25. ಬದಲಿಗೆ ಬಂದದ್ದು 31ರ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, 2029ರ ಒಂದು ಪಿಕ್. ಡಿಫೆನ್ಸ್‌ನಿಂದ ಕಪ್ ಗೆಲ್ಲುತ್ತೇವೆ ಅಂತ ಡಲ್ಲಾಸ್‌ನ ಆಗಿನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಹೇಳಿದ. ಡೇವಿಸ್ ಡಲ್ಲಾಸ್ ಪರ ಮೊದಲ ಪಂದ್ಯದಲ್ಲೇ ಗಾಯಗೊಂಡ. ಏಪ್ರಿಲ್ 9ರಂದು ಲೂಕಾ ವಾಪಸ್ ಬಂದು ಬೆಂಚಿನಲ್ಲಿ ಕೂತು ಅಳುತ್ತಿದ್ದುದನ್ನು ನಾನು ಇಲ್ಲಿಂದ ನೋಡಿದೆ, ಕಣ್ಣೊರೆಸಿಕೊಂಡು 45 ಅಂಕ ಹೊಡೆದದ್ದನ್ನೂ ನೋಡಿದೆ.

ಹಾಗಾಗಿ ಡಲ್ಲಾಸ್‌ನ ಕಷ್ಟ ಹುಡುಗರು ಸಿಗದಿರುವುದಲ್ಲ. ಸಿಕ್ಕವರನ್ನು ಬೆಳೆಸಿದ ಮೇಲೆ ಉಳಿಸಿಕೊಳ್ಳುವ ಬುದ್ಧಿ ಇಲ್ಲದಿರುವುದು. ಇನ್ನೂ ಹತ್ತು ಪಿಕ್ ತಂದು ಸುರಿದರೂ ಆ ಕಷ್ಟ ನೀಗುವುದಿಲ್ಲ. ಇದು ಥಂಡರ್‌ಗೂ ಒಮ್ಮೆ ಬಂದ ರೋಗವೇ. 2012ರಲ್ಲಿ ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರೂ ಎಳೆಯರಾಗಿದ್ದಾಗ ಫೈನಲ್ಸ್ ಆಡಿದ ತಂಡ, ಅದೇ ಅಕ್ಟೋಬರ್‌ನಲ್ಲಿ ಕಾಂಟ್ರಾಕ್ಟ್ ಕೂಡಿಬರದೆ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಆ ಮೂವರೂ ಮುಂದೆ ಎಂವಿಪಿ ಆದರು, ಆದರೆ ಅವರಿಂದ ಒಕ್ಲಹೋಮಾಕ್ಕೆ ಕಪ್ ಬರಲಿಲ್ಲ. ಆವತ್ತೂ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ, ಇವತ್ತೂ ಅವನೇ. 2025ರ ಜುಲೈನಲ್ಲಿ ಅವನು ಶೇ, ಜೇಲನ್, ಚೆಟ್ ಮೂವರ ಕಾಂಟ್ರಾಕ್ಟನ್ನೂ ಒಂದೇ ತಿಂಗಳಲ್ಲಿ ಮುಂದುವರಿಸಿದ. ಈಗಿನ ಸಂಬಳದ ನಿಯಮಗಳಲ್ಲಿ ಮಿತಿ ಮೀರಿದ ತಂಡಕ್ಕೆ ಟ್ರೇಡ್ ಮಾಡಲೂ ಕೈಕಾಲು ಕಟ್ಟಿದ ಹಾಗಾಗುತ್ತದೆ, ಅದು ಗೊತ್ತಿದ್ದೂ ಮಾಡಿದ. ಆ ಪಿಕ್‌ಗಳ ನಿಜವಾದ ಉಪಯೋಗ ಇನ್ನು ಮುಂದೆ. ಮೂವರಿಗೆ ಅಷ್ಟು ಹಣ ಕೊಟ್ಟ ಮೇಲೆ ಉಳಿದ ಜಾಗಗಳನ್ನು ಕಡಿಮೆ ಸಂಬಳದ ಹೊಸ ಹುಡುಗರಿಂದಲೇ ತುಂಬಬೇಕು.

2025ರ ಡ್ರಾಫ್ಟ್‌ನಲ್ಲಿ ನಿಮಗೆ ಕೂಪರ್ ಫ್ಲಾಗ್ ಎಂಬ ಹುಡುಗ ಸಿಕ್ಕಿದ್ದಾನೆ. 1.8 ಶೇಕಡ ಅವಕಾಶದಲ್ಲಿ ಮೊದಲ ಪಿಕ್ ಬಂತು, ಅದು ಯಾರ ಜಾಣತನವೂ ಅಲ್ಲ, ಪೂರ್ತಿ ಅದೃಷ್ಟ. ಮೊದಲ ಸೀಸನ್ ಶುರುವಾಗುತ್ತಿದ್ದಂತೆ 18ರ ಹುಡುಗನಿಗೆ ಕೋಚ್ ಜೇಸನ್ ಕಿಡ್ ಪಾಯಿಂಟ್ ಗಾರ್ಡ್ ಜಾಗ ಕೊಟ್ಟಾಗ ನೀನು ಸಿಡಿಮಿಡಿ ಆಗಿದ್ದೆ. ಅಷ್ಟು ಎತ್ತರದವನ ಕೈಗೆ ಚೆಂಡು ಕೊಟ್ಟದ್ದು ನನಗೆ ಹಿಡಿಸಿತು. ಹಿಡಿಸದೇ ಹೋದದ್ದು, ಕೈರಿ ಅರ್ವಿಂಗ್ ಮಂಡಿಯ ಗಾಯದಿಂದ ಹೊರಗಿರುವಾಗ ಹುಡುಗನ ಭಾರ ಹಂಚಿಕೊಳ್ಳುವ ಇನ್ನೊಬ್ಬ ಗಟ್ಟಿ ಗಾರ್ಡ್ ಅವನ ಪಕ್ಕದಲ್ಲಿ ಇರದೇ ಹೋದದ್ದು. ಶೇಗೆ ಮೊದಲ ವರ್ಷ ಕ್ರಿಸ್ ಪಾಲ್ ಇದ್ದ ಹಾಗೆ ಇವನಿಗೂ ಒಬ್ಬ ಹಿರಿಯ ಬೇಕು. ಅದಕ್ಕೇ ಹಿರಿಯರನ್ನೆಲ್ಲ ಮಾರಬೇಕು ಅಂದರೆ ನಾನು ಬೇಡ ಅನ್ನುತ್ತೇನೆ. 2025ರ ನವೆಂಬರ್‌ನಲ್ಲಿ ಹ್ಯಾರಿಸನ್‌ನನ್ನು ಕೆಲಸದಿಂದ ತೆಗೆದರು, ಸರಿ. ಆ ಕುರ್ಚಿಯಲ್ಲಿ ಕೂರುವವರು ಫ್ಲಾಗ್‌ನ ನಾಲ್ಕು ವರ್ಷಕ್ಕೆ ಏನು ಯೋಚಿಸುತ್ತಾರೆ ಅನ್ನುವುದೇ ನಾನು ಕಾಯುತ್ತಿರುವ ಸುದ್ದಿ.

ಇನ್ನೊಂದು ವಿಷಯ, ಇದು ನಿನಗೆ ಹೊಟ್ಟೆ ಉರಿಸುತ್ತದೆ. 2024ರಲ್ಲಿ ಡೇನಿಯಲ್ ಗ್ಯಾಫರ್ಡ್‌ನನ್ನು ತರಲು ಡಲ್ಲಾಸ್‌ಗೆ ಒಂದು ಪಿಕ್ ಬೇಕಾಗಿತ್ತು. ಅದನ್ನು ಕೊಟ್ಟವರು ಥಂಡರ್. ಪ್ರತಿಯಾಗಿ 2028ರಲ್ಲಿ ಡಲ್ಲಾಸ್‌ನ ಪಿಕ್ ಜೊತೆ ಅದಲುಬದಲು ಮಾಡಿಕೊಳ್ಳುವ ಹಕ್ಕು ಪಡೆದರು. ಅಂದರೆ ಆ ವರ್ಷ ನೀವು ಸೋತರೆ ಲಾಭ ಅವರಿಗೆ. ಈಗ ಹೇಳು, ಎಲ್ಲರನ್ನೂ ಮಾರಿ ಸೋಲುತ್ತಾ ಕೂರುವುದು ನಿಮ್ಮ ತಂಡಕ್ಕೆ ಹೇಗೆ ಆಗಿಬರುತ್ತದೆ?

ಇನ್ನು ಮೇಲೆ ಸ್ಟೇಡಿಯಂಗೆ ಹೋಗಲ್ಲ ಅಂತ ಬರೆದಿದ್ದೀಯ. ಹೋಗು. ಟಿವಿಯಲ್ಲಿ ಚೆಂಡು ಇರುವ ಕಡೆ ಮಾತ್ರ ಕಾಣುತ್ತದೆ. ಫ್ಲಾಗ್ ಕೈಯಲ್ಲಿ ಚೆಂಡು ಇಲ್ಲದಾಗ ಏನು ಮಾಡುತ್ತಾನೆ, ಡಿಫೆನ್ಸ್‌ನಲ್ಲಿ ಜೊತೆಯವರಿಗೆ ಕೂಗಿ ಹೇಳುತ್ತಾನಾ, ಟೈಮ್‌ಔಟ್‌ನಲ್ಲಿ ಯಾರ ಪಕ್ಕ ಕೂರುತ್ತಾನೆ, ಇದೆಲ್ಲ ನನಗೆ ಬೇಕು. ಮಗಳನ್ನೂ ಕರೆದುಕೊಂಡು ಹೋಗು. ನೋಡಿದ್ದನ್ನು ಉದ್ದಕ್ಕೆ ಬರೆದು ಕಳಿಸು.

ಮನೆಯವರಿಗೆಲ್ಲ ಕೇಳಿದೆ ಅಂತ ಹೇಳು.

ಇಂತಿ ನಿನ್ನ,
ಮೈಸೂರಿನ ಗೆಳೆಯ