ಇನ್ನು ಟ್ರಿಪ್ ಲೆಕ್ಕವಿಲ್ಲ, ಅಳತೆಯ ಲೆಕ್ಕ: ನಮ್ಮ ಉಸುಕು–ಖಡಿ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೂ ಗೌಂಡಿ ಬಂಧುಗಳಿಗೂ ನಮಸ್ಕಾರಗಳು.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಡಿಪೋದಲ್ಲಿ ಉಸುಕು, ಎಂ-ಸ್ಯಾಂಡ್, ಖಡಿ ಯಾವುದನ್ನೂ ‘ಟ್ರಿಪ್‌ಗೆ ಇಷ್ಟು’ ಎಂದು ಮಾರುವುದಿಲ್ಲ. ಗಾಡಿಯ ಪೆಟ್ಟಿಗೆಯಲ್ಲಿ ಎಷ್ಟು ಮಾಲು ಹಿಡಿಸಿದೆಯೋ ಅದರ ಘನ ಅಳತೆ ತೆಗೆದು, ಆ ಅಳತೆಗೆ ಮಾತ್ರ ಬಿಲ್ ಮಾಡುತ್ತೇವೆ. ವ್ಯಾಪಾರದಲ್ಲಿ ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹೇಳುವುದರಿಂದ ಬಿಲ್ಲಿನಲ್ಲಿ ಘನ ಮೀಟರ್ ಇರುತ್ತದೆ. ಆದರೆ ಧಾರವಾಡದ ಸುತ್ತಮುತ್ತ ಮನೆ ಕಟ್ಟಿಸುವವರು ಲೆಕ್ಕ ಹಾಕುವುದು ಅಡಿಯಲ್ಲಿ, ಬ್ರಾಸ್‌ನಲ್ಲಿ. ಹೀಗಾಗಿ ನಿಮ್ಮ ತಿಳಿವಳಿಕೆಗಾಗಿ ಪಕ್ಕದಲ್ಲಿ ಘನ ಅಡಿಯನ್ನೂ ಬರೆದು ಕೊಡುತ್ತೇವೆ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. 100 ಘನ ಅಡಿಯ ಒಂದು ಬ್ರಾಸ್ ಎಂದರೆ 2.83 ಘನ ಮೀಟರ್.

ಈ ಬದಲಾವಣೆ ಏಕೆ ಎಂದು ಹಲವರು ಆಗಲೇ ಕೇಳಿದ್ದಾರೆ. ಟ್ರಿಪ್ ಎನ್ನುವುದು ಗಾಡಿ ಎಷ್ಟು ಸಲ ಬಂತು ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಮಾಲು ಬಂತು ಎಂಬುದನ್ನಲ್ಲ. ಒಂದು ಟ್ರಾಕ್ಟರ್ ಟ್ರೇಲರ್ ತೆಗೆದುಕೊಳ್ಳಿ. ಒಳಗಿನ ಉದ್ದ 10 ಅಡಿ, ಅಗಲ 6 ಅಡಿ, ಪಕ್ಕದ ಹಲಗೆಯ ಎತ್ತರ 2 ಅಡಿ ಇದ್ದರೆ ಹಿಡಿಸುವುದು 120 ಘನ ಅಡಿ. ಅದೇ ಉದ್ದ, ಅದೇ ಅಗಲದ ಇನ್ನೊಂದು ಟ್ರೇಲರ್‌ನ ಹಲಗೆ ಒಂದು ಅಡಿ ಒಂಬತ್ತು ಇಂಚು ಇದ್ದರೆ 105 ಘನ ಅಡಿ. ರಸ್ತೆಯಲ್ಲಿ ಹೋಗುವಾಗ ಈ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೂ ಮೂರು ಇಂಚಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಪ್ರತಿ ಟ್ರಿಪ್‌ಗೆ 15 ಘನ ಅಡಿ ಹೆಚ್ಚುಕಡಿಮೆ ಆಗುತ್ತದೆ. ಏಳು ಟ್ರಿಪ್ ಆಗುವಷ್ಟರಲ್ಲಿ ಒಂದು ಬ್ರಾಸ್ ದಾಟುತ್ತದೆ. ಎರಡಕ್ಕೂ ಒಂದೇ ದರ ಹೇಳುವ ಪದ್ಧತಿ ಊರಲ್ಲಿ ಎಷ್ಟೇ ಹಳೆಯದಾಗಿದ್ದರೂ ಅದನ್ನು ಮುಂದುವರಿಸಲು ನಮಗೆ ಮನಸ್ಸಿಲ್ಲ. ಹೊಸ ಲೆಕ್ಕದಲ್ಲಿ ಕೆಲವರಿಗೆ ಟ್ರಿಪ್ ಅಗ್ಗವಾಗುತ್ತದೆ, ದೊಡ್ಡ ಪೆಟ್ಟಿಗೆಯ ಗಾಡಿ ಕರೆಸುವವರಿಗೆ ಹೆಚ್ಚಾಗುತ್ತದೆ. ಇದನ್ನು ಮುಂಚಿತವಾಗಿಯೇ ಹೇಳಿಬಿಡುವುದು ಒಳ್ಳೆಯದು.

ಪೆಟ್ಟಿಗೆಯ ಮೇಲೆ ಗೋಪುರದ ಹಾಗೆ ಏರಿಸುವ ಮಾಲಿನ ಬಗ್ಗೆಯೂ ಎರಡು ಮಾತು. ಹಲಗೆಯ ಮಟ್ಟದ ಮೇಲೆ ಒಂದು ಅಡಿ ಎತ್ತರಕ್ಕೆ ರಾಶಿ ಕಂಡರೆ, 10 ಅಡಿ, 6 ಅಡಿ, 1 ಅಡಿ ಎಂದು ಗುಣಿಸಿ 60 ಘನ ಅಡಿ ಜಾಸ್ತಿ ಬಂತು ಎಂದುಕೊಳ್ಳುವುದು ಸಹಜ. ಆ ರಾಶಿ ನಾಲ್ಕೂ ಕಡೆಯಿಂದ ಇಳಿಜಾರಾಗಿ ಒಂದೇ ಬಿಂದುವಿಗೆ ಸೇರಿದ್ದರೆ ಅದು ಪಿರಮಿಡ್. ಅದರಲ್ಲಿರುವುದು ಪೆಟ್ಟಿಗೆ ಲೆಕ್ಕದ ಮೂರನೇ ಒಂದು ಭಾಗ, ಅಂದರೆ 20 ಘನ ಅಡಿ ಮಾತ್ರ. ತುದಿಯಲ್ಲಿ ನಾಲ್ಕು ಅಡಿ ಉದ್ದದ ದಿಂಡು ಇದ್ದರೆ 24 ಘನ ಅಡಿ. ಈ ಗೊಂದಲವೇ ಬೇಡವೆಂದು, ಇನ್ನು ಮೇಲೆ ಗಾಡಿ ಡಿಪೋ ಬಿಡುವ ಮೊದಲು ಮಾಲನ್ನು ಹಲಗೆಯ ಮಟ್ಟಕ್ಕೆ ಪಟ್ಟಿಯಿಂದ ಎಳೆದು ಸಮ ಮಾಡುತ್ತೇವೆ. ರಸ್ತೆಯಲ್ಲಿ ಕುಲುಕಿ ಮಾಲು ಒಂದೆರಡು ಇಂಚು ಕೂರುತ್ತದೆ, ಅದರಿಂದ ಕಾಳು ಕಡಿಮೆಯಾಗುವುದಿಲ್ಲ. ಎರಡು ಇಂಚಿಗಿಂತ ಹೆಚ್ಚು ತಗ್ಗಿದ್ದರೆ ಗಾಡಿಯನ್ನು ಖಾಲಿ ಮಾಡಿಸದೆ ನಮಗೆ ಫೋನ್ ಮಾಡಿ.

ಇನ್ನು ಹಸಿ ಉಸುಕಿನ ವಿಷಯ. ಇದನ್ನು ದಯವಿಟ್ಟು ಪೂರ್ತಿ ಓದಿ. ಟ್ರೇಲರ್ ಅಳತೆಗಿಂತ ಹೆಚ್ಚು ಹಣ ಇಲ್ಲೇ ಸೋರಿಹೋಗುತ್ತದೆ. ಸ್ವಲ್ಪ ತೇವವಿರುವ ಉಸುಕು ಉಬ್ಬಿರುತ್ತದೆ. ಕಾಳುಗಳ ಸುತ್ತ ನೀರಿನ ತೆಳು ಪದರ ಕೂತು ಅವುಗಳನ್ನು ದೂರ ದೂರ ಇಡುತ್ತದೆ. ತೂಕದ ಲೆಕ್ಕದಲ್ಲಿ ನೂರಕ್ಕೆ ನಾಲ್ಕೈದು ಭಾಗ ನೀರಿದ್ದರೆ ಸಾಕು, ಅಳತೆ ನೂರಕ್ಕೆ 20ರಿಂದ 30ರವರೆಗೆ ಹಿಗ್ಗಬಹುದು. ಸಣ್ಣ ಉಸುಕಿನಲ್ಲಿ ಇನ್ನೂ ಹೆಚ್ಚು. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಆ ಪದರ ಒಡೆದು ಉಸುಕು ಮತ್ತೆ ಒಣಗಿದ ಅಳತೆಗೇ ಇಳಿಯುತ್ತದೆ. ಖಡಿಗೆ ಈ ತೊಂದರೆ ಇಲ್ಲ.

ನೀವೇ ಪರೀಕ್ಷಿಸಿ ನೋಡಬಹುದು. ನೇರ ಗೋಡೆಯ ಒಂದು ಡಬ್ಬಿಗೆ ಹಸಿ ಉಸುಕನ್ನು ಒತ್ತದೆ ಮೂರನೇ ಎರಡು ಭಾಗದವರೆಗೆ ಹಾಕಿ, ಮೇಲ್ಮೈ ಸಮ ಮಾಡಿ, ಅಳತೆಪಟ್ಟಿ ಇಳಿಸಿ ಎತ್ತರ ನೋಡಿ. 200 ಮಿಲಿಮೀಟರ್ ಇದೆ ಎಂದುಕೊಳ್ಳೋಣ. ಉಸುಕನ್ನು ಪೂರ್ತಿ ಹೊರಗೆ ಸುರಿದು, ಡಬ್ಬಿಗೆ ಅರ್ಧ ನೀರು ತುಂಬಿ, ಅದೇ ಉಸುಕನ್ನು ಮರಳಿ ಹಾಕುತ್ತಾ ಕಡ್ಡಿಯಿಂದ ಕುಟ್ಟಿ ಕೂರಿಸಿ. ಈಗ 160 ಮಿಲಿಮೀಟರ್ ಬಂದರೆ, 160ರ ಮೇಲೆ 40 ಹಿಗ್ಗಿತ್ತು ಎಂದಾಯಿತು, ಅಂದರೆ ನೂರಕ್ಕೆ 25. ಅಂಥ ಉಸುಕು 125 ಘನ ಅಡಿ ಬಂದರೆ ನಿಮಗೆ ನಿಜವಾಗಿ ಸಿಕ್ಕಿದ್ದು 100 ಘನ ಅಡಿ. ಈ ಪರೀಕ್ಷೆಯನ್ನು ನಾವು ದಿನಾ ಬೆಳಿಗ್ಗೆ ಡಿಪೋದಲ್ಲಿ ಮಾಡಿ, ಉಬ್ಬಿನ ಪ್ರಮಾಣವನ್ನು ಚಲನ್ ಮೇಲೆ ಬರೆದು, ಅಷ್ಟನ್ನು ಕಳೆದ ಅಳತೆಗೇ ಬಿಲ್ ಮಾಡುತ್ತೇವೆ. ಗೌಂಡಿಗಳಲ್ಲಿ ಒಂದು ವಿನಂತಿ: ಪುಟ್ಟಿ (ಬುಟ್ಟಿ) ಲೆಕ್ಕದಲ್ಲಿ ಮಾಲು ಕಲಸುವಾಗ ಆ ಸಂಖ್ಯೆ ನೋಡಿಕೊಳ್ಳಿ. ಉಬ್ಬು ನೂರಕ್ಕೆ 25 ಇದ್ದ ದಿನ ನಾಲ್ಕು ಪುಟ್ಟಿಯ ಜಾಗದಲ್ಲಿ ಐದು ಪುಟ್ಟಿ ಉಸುಕು ಬೇಕು.

ನಿಮ್ಮ ಅಂಗಳದಲ್ಲಿ ಈಗಾಗಲೇ ಬಿದ್ದಿರುವ ರಾಶಿಯನ್ನೂ ಅಳೆಯಬಹುದು. ಟಿಪ್ಪರ್ ಸುರಿದ ರಾಶಿ ಹೆಚ್ಚುಕಡಿಮೆ ಶಂಕುವಿನ ಆಕಾರದಲ್ಲಿರುತ್ತದೆ. ಬುಡದ ಸುತ್ತ ಟೇಪ್ ಹಿಡಿದು ಸುತ್ತಳತೆ ತೆಗೆಯಿರಿ. ಎತ್ತರಕ್ಕೆ ಇಳಿಜಾರಿನ ಮೇಲೆ ಟೇಪ್ ಹಾಕಬಾರದು, ಅದು ಯಾವಾಗಲೂ ಹೆಚ್ಚು ತೋರಿಸುತ್ತದೆ. ತುದಿಯ ಮಟ್ಟವನ್ನು ಲೆವೆಲ್ ಪೈಪಿನಿಂದ ಪಕ್ಕದ ಕೋಲಿಗೆ ತಂದು ಅಲ್ಲಿಂದ ನೆಲದವರೆಗೆ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 37.7ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಸುತ್ತಳತೆ 30 ಅಡಿ, ಎತ್ತರ 3 ಅಡಿ ಇದ್ದರೆ 2,700 ಭಾಗಿಸು 37.7, ಅಂದರೆ ಸುಮಾರು 71.6 ಘನ ಅಡಿ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಧಾನ್ಯದ ರಾಶಿ ಅಳೆಯಲು ಇದೇ ದಾರಿ ಇದೆ: ಸುತ್ತಳತೆಯ ಆರನೇ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸು ಎನ್ನುತ್ತಾರೆ. ಅದರಂತೆ 75 ಬರುತ್ತದೆ, ಏಕೆಂದರೆ ಅಲ್ಲಿ ಪೈ ಬೆಲೆಯನ್ನು 3 ಎಂದು ಹಿಡಿಯಲಾಗಿದೆ. ಬಾಯಿಲೆಕ್ಕಕ್ಕೆ ಅದು ಈಗಲೂ ಬಹಳ ಸೊಗಸಾದ ಸೂತ್ರ. ರಾಶಿ ಗೋಡೆಗೆ ಒರಗಿದ್ದರೆ ಏನು ಮಾಡಬೇಕೆಂಬುದನ್ನೂ ಅವರೇ ಹೇಳಿದ್ದಾರೆ. ಕಾಣುವ ಅರ್ಧ ಸುತ್ತನ್ನು ಎರಡು ಪಟ್ಟು ಮಾಡಿ ಲೆಕ್ಕ ಹಾಕಿ, ಬಂದದ್ದರಲ್ಲಿ ಅರ್ಧ ತೆಗೆದುಕೊಂಡರಾಯಿತು. ಕಾಂಪೌಂಡ್ ಗೋಡೆಗೆ ಸುರಿಸಿಕೊಂಡವರಿಗೆ ಇದು ಬೇಕೇ ಬೇಕು.

ರಾಶಿ ಸಣ್ಣದಾದಂತೆ ಕಣ್ಣು ನಮಗೆ ಮೋಸ ಮಾಡುತ್ತದೆ. ಅದೇ ಇಳಿಜಾರಿನಲ್ಲಿ ಎತ್ತರ ಅರ್ಧಕ್ಕೆ ಇಳಿದಿದ್ದರೆ ಉಳಿದಿರುವುದು ಅರ್ಧ ಮಾಲಲ್ಲ, ಎಂಟನೇ ಒಂದು ಭಾಗ. ‘ಇನ್ನೂ ಅರ್ಧ ರಾಶಿ ಇದೆ’ ಎಂಬ ಧೈರ್ಯದಲ್ಲಿ ಸ್ಲ್ಯಾಬ್ ದಿನ ಗೊತ್ತುಮಾಡಬೇಡಿ.

ಸ್ಲ್ಯಾಬ್‌ಗೆ ಎಷ್ಟು ತರಿಸಬೇಕು ಎಂದು ಕೇಳುವವರಿಗೆ ಒಂದು ಲೆಕ್ಕ. 30 ಅಡಿ ಉದ್ದ, 20 ಅಡಿ ಅಗಲ, 5 ಇಂಚು ದಪ್ಪದ ಸ್ಲ್ಯಾಬ್ ಎಂದರೆ 250 ಘನ ಅಡಿ ಕಾಂಕ್ರೀಟ್. ಇಂಚನ್ನು 12ರಿಂದ ಭಾಗಿಸಿ ಅಡಿ ಮಾಡಿಕೊಳ್ಳಲು ಮರೆಯಬೇಡಿ. ಕಲಸಿದ ಮೇಲೆ ಮಾಲು ಕುಗ್ಗುವುದರಿಂದ ಒಣ ಸಾಮಗ್ರಿ 1.54 ಪಟ್ಟು ಬೇಕು, ಅಂದರೆ 385 ಘನ ಅಡಿ. ಒಂದು, ಒಂದೂವರೆ, ಮೂರರ ಮಿಶ್ರಣದಲ್ಲಿ ಉಸುಕು 105, ಖಡಿ 210 ಘನ ಅಡಿ, ಉಳಿದ 70 ಸಿಮೆಂಟ್. ಚೀಲದ ಲೆಕ್ಕದಲ್ಲಿ ಸುಮಾರು 57. ಬೀಮು, ಕಾಲಮ್ಮುಗಳನ್ನು ಇದಕ್ಕೆ ಬೇರೆಯಾಗಿ ಸೇರಿಸಿಕೊಳ್ಳಬೇಕು.

ಇಂಗುಗುಂಡಿಗೆ ಖಡಿ ಒಯ್ಯುವವರು ಗುಂಡಿಯ ವ್ಯಾಸ, ಆಳ ಎರಡನ್ನೂ ಬರೆದುಕೊಂಡು ಬನ್ನಿ. 8 ಅಡಿ ಆಳದ ಗುಂಡಿ 3 ಅಡಿ ವ್ಯಾಸದ್ದಾದರೆ 56.5 ಘನ ಅಡಿ ಸಾಕು. ವ್ಯಾಸ 4 ಅಡಿಯಾದರೆ ಒಂದು ಬ್ರಾಸ್ ಪೂರ್ತಿ ಬೇಕು.

ಈ ತಿಂಗಳೊಳಗೆ ಮುಂಗಡ ಕೊಟ್ಟವರಿಗೆ ಒಪ್ಪಿಕೊಂಡ ಟ್ರಿಪ್ ದರದಲ್ಲೇ ಮಾಲು ತಲುಪುತ್ತದೆ. ನಮ್ಮ ಪ್ರತಿ ಗಾಡಿಯ ಒಳ ಅಳತೆಯನ್ನು ಅದರ ಹಲಗೆಯ ಮೇಲೆಯೇ ಬಣ್ಣದಲ್ಲಿ ಬರೆಸುತ್ತಿದ್ದೇವೆ. ಆ ಬರಹವನ್ನೂ ನಂಬಿ ಕೂರಬೇಡಿ. ಡ್ರೈವರ್ ಬಳಿ ಟೇಪ್ ಇರುತ್ತದೆ, ಕೇಳಿ ಪಡೆದು ಪೆಟ್ಟಿಗೆಯ ಒಳಗಿನಿಂದ ಅಳೆಯಿರಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಿಂದಲೇ ಅಳೆಸಿ, ಅವರಿಗೆ ಈ ಸೂತ್ರಗಳು ಪಾಠದಲ್ಲಿವೆ. ನಿಮ್ಮ ಅಳತೆಗೂ ನಮ್ಮ ಚಲನ್‌ಗೂ ತಾಳೆಯಾಗದಿದ್ದರೆ ಸಹಿ ಹಾಕಬೇಡಿ. ನಮ್ಮ ಕಡೆಯವರು ಬಂದು ನಿಮ್ಮೆದುರಿಗೇ ಮತ್ತೆ ಅಳೆದು ಬಿಲ್ ಸರಿಪಡಿಸುತ್ತಾರೆ. ಹೊಸ ದರಪಟ್ಟಿ ಡಿಪೋದ ಬಾಗಿಲಲ್ಲಿ ಅಂಟಿಸಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಡಿಪೋದ ಮಾಲೀಕರು ಮತ್ತು ಸಿಬ್ಬಂದಿ