ಮೇವನ್ನು ಬರೀ ಟನ್ ಲೆಕ್ಕದಲ್ಲಿ ಅಳೆಯಬೇಡಿ: ಕೃಷಿ ಮತ್ತು ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಹಸು ಸಾಕುವವನು. ಮೇವಿನ ಮಾತು ಬಂದಾಗಲೆಲ್ಲ ಅಧಿಕಾರಿಗಳು ಕೇಳುವುದು ಒಂದೇ ಪ್ರಶ್ನೆ: ಎಕರೆಗೆ ಎಷ್ಟು ಟನ್ ಬಂತು? ಅದರಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ಹಸುವಿಗೆ ಬೇಕಾಗಿರುವುದು ಈ ಎರಡನೇ ಪ್ರಶ್ನೆ.

ಬರೀ ಮೆಕ್ಕೆಜೋಳ ಕತ್ತರಿಸಿ ಹಾಕಿದರೆ ಗೋದಲಿ ತುಂಬುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಒಣ ತೂಕದ, ಅಂದರೆ ನೀರಿನಂಶ ಬಿಟ್ಟ ತೂಕದ ಲೆಕ್ಕದಲ್ಲಿ ಆ ಮೇವಿನ ಪ್ರೋಟೀನ್ ಸುಮಾರು ಶೇ. 8. ಒಣ ಹುಲ್ಲಿನದು ಶೇ. 4ರ ಆಸುಪಾಸು. ನಾರನ್ನು ಹಸು ತಾನೇ ಅರಗಿಸುವುದಿಲ್ಲ ಅಲ್ವಾ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅರಗಿಸುತ್ತವೆ. ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಆ ಜೀವಿಗಳೇ ಸೊರಗುತ್ತವೆ. ತಿಂದದ್ದು ಬೇಗ ಕರಗುವುದಿಲ್ಲ. ಮುಂದೆ ರಾಶಿ ಮೇವಿದ್ದರೂ ಹಸು ಬಾಯಿ ಹಾಕುವುದಿಲ್ಲ. ಹಾಲು ಇಳಿಯುತ್ತದೆ, ನಾವು ಹಿಂಡಿ ಜಾಸ್ತಿ ಮಾಡುತ್ತೇವೆ.

ಅದೇ ಮೆಕ್ಕೆಜೋಳದ ಸಾಲುಗಳ ನಡುವೆ ಅಲಸಂದೆ ಬಿತ್ತಿದರೆ ಲೆಕ್ಕ ಬದಲಾಗುತ್ತದೆ. ಅಲಸಂದೆ ಸೊಪ್ಪಿನಲ್ಲಿ ಪ್ರೋಟೀನ್ ಶೇ. 18ರ ಸುತ್ತಮುತ್ತ. ಒಣ ತೂಕದಲ್ಲಿ ಮೂರರಲ್ಲೊಂದು ಪಾಲು ಅಲಸಂದೆ ಬಂದರೂ ಒಟ್ಟು ಮೇವು ಶೇ. 11 ಮುಟ್ಟುತ್ತದೆ. ದಿನಕ್ಕೆ 10 ಕಿಲೋ ಒಣ ತೂಕದಷ್ಟು ಮೇವು ತಿನ್ನುವ ಹಸುವಿಗೆ 800 ಗ್ರಾಂ ಪ್ರೋಟೀನ್ ಬದಲು 1,100 ಗ್ರಾಂ. ಆ 300 ಗ್ರಾಂ ಹೊಲದಿಂದಲೇ ಬಂತು. ಸುಣ್ಣದಂಶವೂ ಅದರ ಜೊತೆಗೇ ಬರುತ್ತದೆ.

ಅಲಸಂದೆಗೆ ಈ ಪ್ರೋಟೀನ್ ಹೇಗೆ ಬರುತ್ತದೆ ಅಂತ ನೋಡಬೇಕಾದರೆ ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣು ಸಮೇತ ಎತ್ತಿ. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ. ಒಳಗೆ ರಕ್ತ ಬೆರೆತಂತೆ ಗುಲಾಬಿ ಬಣ್ಣ ಕಂಡರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದರ್ಥ. ಗಿಡ ಪ್ರೋಟೀನ್ ಕಟ್ಟುವುದು ಆ ಸಾರಜನಕದಿಂದ. ಬೆಳ್ಳಗೋ ಹಸಿರಾಗೋ ಇದ್ದರೆ ಕೆಲಸ ನಡೆಯುತ್ತಿಲ್ಲ.

ನನ್ನ ಮೊದಲ ವರ್ಷದ ಗಂಟುಗಳು ಬೆಳ್ಳಗಿದ್ದವು. ಬರೀ ಮೆಕ್ಕೆಜೋಳಕ್ಕೆ ಹೇಳಿದ ಯೂರಿಯಾವನ್ನೇ ಮಿಶ್ರ ಬೆಳೆಗೂ ಸುರಿದಿದ್ದೆ. ಯೂರಿಯಾದಿಂದ ಮಣ್ಣಲ್ಲೇ ಸಾರಜನಕ ಸಿಕ್ಕರೆ ಗಿಡ ಗಂಟಿನ ಗೋಜಿಗೆ ಹೋಗುವುದಿಲ್ಲ. ಮೆಕ್ಕೆಜೋಳ ಸರಸರ ಎದ್ದು ನೆರಳು ಕವಿಯಿತು, ಅಲಸಂದೆ ಕೆಳಗೆ ಹಳದಿಯಾಗಿ ಮಲಗಿತು. ನನಗೆ ಸಿಕ್ಕ ಸಲಹೆಯೆಲ್ಲ ಒಂಟಿ ಬೆಳೆಯದು. ಮೆಕ್ಕೆಜೋಳಕ್ಕೆ ಹೊಡೆಯುವ ಕಳೆನಾಶಕ ಅಟ್ರಾಜಿನ್ ಅಲಸಂದೆಯನ್ನೂ ಸುಡುತ್ತದೆ ಅಂತ ಕೂಡ ಯಾರೂ ಹೇಳಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮೇವಿನ ಬೀಜದ ಕಿಟ್‌ನಲ್ಲಿ ಮೆಕ್ಕೆಜೋಳದಂಥ ಏಕದಳದ ಜೊತೆ ಅಲಸಂದೆಯಂಥ ದ್ವಿದಳದ ಬೀಜವನ್ನೂ, ಅದಕ್ಕೆ ಹೊಂದುವ ರೈಜೋಬಿಯಂ (ಬೇರಿನ ಗಂಟಿನ ಆ ಬ್ಯಾಕ್ಟೀರಿಯಾ) ಪೊಟ್ಟಣವನ್ನೂ ಇಡಿಸಿ. ಸುಮ್ನೆ ಕೈಗೆ ಕೊಟ್ಟು ಕಳಿಸಬೇಡಿ. ಮೆಕ್ಕೆಜೋಳದ ಎರಡು ಸಾಲಿಗೆ ಅಲಸಂದೆ ಒಂದು ಸಾಲೋ, ಒಂದಕ್ಕೊಂದೋ, ಯೂರಿಯಾ ಎಷ್ಟು, ಯಾವ ಕಳೆನಾಶಕ ಮುಟ್ಟಬಾರದು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಕೊಯ್ಲಿನ ಹೊತ್ತನ್ನೂ ಹೇಳಿ. ಮೆಕ್ಕೆಜೋಳದ ಕಾಳು ಹಾಲುಗಟ್ಟುವಾಗ ಅಲಸಂದೆ ಎಳೆ ಕಾಯಿಯಲ್ಲಿರಬೇಕು. ತಡವಾದಷ್ಟೂ ಎಲೆ ಉದುರುತ್ತದೆ, ಪ್ರೋಟೀನ್ ಇರುವುದೇ ಎಲೆಯಲ್ಲಿ. ರಸಮೇವು (ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಕಾಪಿಡುವ ಸೈಲೇಜ್) ಮಾಡುವವರಿಗೂ ಈ ಜೋಡಿ ಒಳ್ಳೆಯದು. ಬರೀ ದ್ವಿದಳದಲ್ಲಿ ಸಕ್ಕರೆ ಕಡಿಮೆ, ಬೇಗ ಹುಳಿಯಾಗದೆ ಕೆಡುತ್ತದೆ. ಮೆಕ್ಕೆಜೋಳದ ಸಕ್ಕರೆ ಅದನ್ನು ಕಾಯುತ್ತದೆ.

ಮೆಕ್ಕೆಜೋಳದ ಬದಲು ಜೋಳ ಹಾಕುವವರಿಗೆ ಎಳೆಯ, ಬಾಡಿದ ಜೋಳದ ಸೈನೈಡ್ ವಿಷದ ಎಚ್ಚರಿಕೆ ಆ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿರಲಿ. ಅದರಿಂದ ಹಸು ನಿಂತಲ್ಲೇ ಬಿದ್ದು ಸಾಯಬಹುದು.

ಇನ್ನೊಂದು ಮಾತು. ಒಣ ತೂಕದ ಲೆಕ್ಕದಲ್ಲಿ ಒಬ್ಬರು ಬರೀ ಮೆಕ್ಕೆಜೋಳದಿಂದ 10 ಟನ್ ಮೇವು ತೆಗೆದರು, ಇನ್ನೊಬ್ಬರು ಮಿಶ್ರ ಬೆಳೆಯಿಂದ 9 ಟನ್ ತೆಗೆದರು ಅಂತಿಟ್ಟುಕೊಳ್ಳಿ. ಈಗಿನ ಲೆಕ್ಕದಲ್ಲಿ ಎರಡನೆಯವರು ಹಿಂದೆ ಬಿದ್ದವರು. ಪ್ರೋಟೀನ್ ಲೆಕ್ಕ ಹಾಕಿದರೆ ಮೊದಲನೆಯದು 800 ಕಿಲೋ, ಎರಡನೆಯದು 990 ಕಿಲೋ. ವರದಿಯ ನಮೂನೆಯಲ್ಲಿ ಟನ್ ಪಕ್ಕ ಪ್ರೋಟೀನ್‌ಗೂ ಒಂದು ಕಾಲಂ ಹಾಕಿಸಿ. ಅದನ್ನು ತುಂಬಲು ರೈತರ ಮೇವಿನ ಮಾದರಿಯನ್ನು ಪರೀಕ್ಷೆ ಮಾಡಿಸುವ ವ್ಯವಸ್ಥೆಯನ್ನು ಮುಂದಿನ ಬಿತ್ತನೆಯೊಳಗೆ ಮಾಡಿಕೊಡಿ.

ಇಂತಿ,
ಒಬ್ಬ ಹೈನುಗಾರ